ಹೆಲ್‌ಫೈರ್ ಪಾಸ್ ಮ್ಯೂಸಿಯಂ, ಥೈಲ್ಯಾಂಡ್: ಟಿಕೆಟ್ ಇಲ್ಲ, ಅರ್ಧ ದಿನ ಮಾತ್ರ ಬೇಕು

ಕಾಂಚನಬುರಿಗೆ ಹೋದವರು ಕ್ವಾಯ್ ಸೇತುವೆ ಮೇಲೆ ಫೋಟೊ ತೆಗೆಸಿಕೊಂಡು ಬ್ಯಾಂಕಾಕ್‌ಗೆ ವಾಪಸ್ ಬಂದುಬಿಡುತ್ತಾರೆ. ಇನ್ನೂ ಸುಮಾರು 80 ಕಿ.ಮೀ. ಮುಂದೆ ಹೋಗಿ, ನಿಜವಾಗಿ ನೋಡಬೇಕಾದ್ದು ಅಲ್ಲಿದೆ.

ಎರಡನೇ ಮಹಾಯುದ್ಧದ ಹೊತ್ತಲ್ಲಿ, 1942-43ರಲ್ಲಿ, ಜಪಾನೀಯರು ಥೈಲ್ಯಾಂಡ್‌ನಿಂದ ಬರ್ಮಾಕ್ಕೆ 415 ಕಿ.ಮೀ. ರೈಲು ಹಳಿ ಹಾಕಿಸಿದರು. ದುಡಿದ 60,000ಕ್ಕೂ ಹೆಚ್ಚು ಯುದ್ಧಕೈದಿಗಳಲ್ಲಿ 12,000ಕ್ಕೂ ಹೆಚ್ಚು ಜನ ಸತ್ತರು. ಆ ಹಳಿಗಾಗಿ ಬೆಟ್ಟದ ಬಂಡೆ ಸೀಳಿ ಮಾಡಿದ ದಾರಿಯೇ ಹೆಲ್‌ಫೈರ್ ಪಾಸ್. ಸಿಡಿಮದ್ದು ಇಡಲು ಬಂಡೆಗೆ ತೂತು ಕೊರೆದದ್ದು ಹೆಚ್ಚಾಗಿ ಸುತ್ತಿಗೆ, ಚಾಣ ಹಿಡಿದು, ಕೈಯಲ್ಲೇ. ರಾತ್ರಿ ಪಂಜಿನ ಬೆಳಕಲ್ಲಿ ಕೆಲಸ ನಡೆಯುವಾಗ ನರಕದ ಬೆಂಕಿಯಂತೆ (ಹೆಲ್‌ಫೈರ್) ಕಾಣುತ್ತಿದ್ದದ್ದರಿಂದ ಈ ಹೆಸರು.

ಮ್ಯೂಸಿಯಂ ನಡೆಸುವುದು ಆಸ್ಟ್ರೇಲಿಯಾ ಸರ್ಕಾರ. ಆಡಿಯೊ ಗೈಡ್ ಖಂಡಿತ ತಗೊಳ್ಳಿ, ಬದುಕಿ ಬಂದ ಕೈದಿಗಳ ದನಿಯೇ ಅದರಲ್ಲಿದೆ. ಮೈ ಗಟ್ಟಿ ಇದ್ದವರು ಉಳಿದಿರುತ್ತಾರೆ ಅಂತ ನಾವು ಸುಮ್ನೆ ಅಂದುಕೊಳ್ಳುತ್ತೇವೆ, ಅಲ್ವಾ? ಉಳಿಸಿದ್ದು ಕುದಿಸಿದ ನೀರು. ಕಾಲರಾ ಬಂದಾಗ ನೀರು ಕುದಿಸದೆ ಕುಡಿಯಬಾರದು, ಊಟದ ತಟ್ಟೆಯನ್ನೂ ಕುದಿಯುವ ನೀರಲ್ಲಿ ಅದ್ದಬೇಕು ಅಂತ ಶಿಸ್ತು ಹಿಡಿದ ಕ್ಯಾಂಪುಗಳಲ್ಲಿ ಜಾಸ್ತಿ ಜನ ಉಳಿದರು. ಇನ್ನೊಂದು, ಬಾತುಕೋಳಿ ಮೊಟ್ಟೆ! ಬರೀ ಪಾಲಿಶ್ ಅಕ್ಕಿಯ ಅನ್ನ ತಿಂದು ಬೆರಿಬೆರಿ (ವಿಟಮಿನ್ ಬಿ1 ಕೊರತೆಯ ಕಾಯಿಲೆ) ಬರುತ್ತಿತ್ತು. ಕೈದಿಗಳಾಗಿದ್ದ ಸೇನಾಧಿಕಾರಿಗಳು ತಮಗೆ ಸಿಗುವ ಸಂಬಳದಲ್ಲಿ ಒಂದು ಪಾಲು ಒಟ್ಟಿಗೆ ಹಾಕಿ, ಥಾಯ್ ವ್ಯಾಪಾರಿಗಳಿಂದ ಮೊಟ್ಟೆ ಕೊಂಡು ಕಾಯಿಲೆಯವರಿಗೆ ಕೊಡುತ್ತಿದ್ದರು. ಬೂನ್‌ಪಾಂಗ್ ಎಂಬ ವ್ಯಾಪಾರಿಯಂತೂ ಜೀವದ ಹಂಗು ತೊರೆದು ಔಷಧಿಯನ್ನೂ ಕದ್ದುಮುಚ್ಚಿ ಸಾಗಿಸಿದ. ಕೈದಿಗಳಲ್ಲೇ ಇದ್ದ, ಆಸ್ಟ್ರೇಲಿಯಾದ ವಿಯರಿ ಡನ್‌ಲಪ್‌ರಂಥ ಡಾಕ್ಟರುಗಳು ಬಿದಿರಿನ ಕೊಳವೆ, ರಬ್ಬರ್ ಟ್ಯೂಬು ಜೋಡಿಸಿ ಸಲೈನ್ ಏರಿಸಿದರು, ಕಾಯಿಲೆಯವರನ್ನು ಕೆಲಸಕ್ಕೆ ಎಳೆಯಲು ಬಂದ ಕಾವಲುಗಾರರಿಗೆ ಅಡ್ಡ ನಿಂತರು. ಜ್ವರ ಬಂದವನ ಪಾಲಿನ ಅನ್ನ ತಂದು ತಿನ್ನಿಸಲು ಒಬ್ಬ ಗೆಳೆಯ ಇದ್ದರೆ ಅದೂ ದೊಡ್ಡದು.

ಇದೆಲ್ಲ ಇಲ್ಲದಿದ್ದರೆ ಏನಾಗುತ್ತಿತ್ತು ಅನ್ನುವುದಕ್ಕೆ ಅದೇ ಹಳಿಯಲ್ಲಿ ಉತ್ತರವಿದೆ. ಮಲಯಾದ ರಬ್ಬರ್ ತೋಟಗಳ ತಮಿಳು ಕೂಲಿಗಳು, ಬರ್ಮಾದವರು, ಜಾವಾದವರು ಲಕ್ಷಗಟ್ಟಲೆ ಅಲ್ಲಿ ದುಡಿದರು. ಅವರ ಜೊತೆ ಸಾಕಷ್ಟು ಡಾಕ್ಟರುಗಳೂ ಇರಲಿಲ್ಲ, ಪರವಾಗಿ ಮಾತಾಡುವ ಅಧಿಕಾರಿಗಳೂ ಇರಲಿಲ್ಲ. ಸುಮಾರು 90,000 ಜನ ಸತ್ತರೆಂದು ಅಂದಾಜು. ಅವರಲ್ಲಿ ಡೈರಿ ಬರೆದಿಟ್ಟವರು ತೀರಾ ಕಡಿಮೆ, ಹಾಗಾಗಿ ಅವರ ದನಿ ಎಲ್ಲೂ ಅಷ್ಟಾಗಿ ಕೇಳುವುದಿಲ್ಲ. ನನಗೆ ಹೆಚ್ಚು ಕಾಡಿದ್ದು ಇದೇ.

ಸೌಲಭ್ಯಕ್ಕೆ ಹೆಸರಿಡುವ ಹಾಗಿಲ್ಲ. ಎಸಿ, ಟಾಯ್ಲೆಟ್ ಎಲ್ಲಾ ಚೆನ್ನಾಗಿದೆ. ಕಣಿವೆಗೆ ಮೆಟ್ಟಿಲು ಇಳಿಯುವುದು ಸುಲಭ, ಬಿಸಿಲಲ್ಲಿ ವಾಪಸ್ ಹತ್ತುವಾಗ ಏದುಸಿರು ಬರುತ್ತದೆ. ಮಂಡಿನೋವು ಇರುವ ಹಿರಿಯರು ಮೇಲಿನ ಗ್ಯಾಲರಿ ನೋಡಿದರೆ ಸಾಕು. ಚಪ್ಪಲಿ ಬೇಡ, ಶೂ ಹಾಕಿ. ಪ್ಯಾಕೇಜ್ ಟೂರ್ ವ್ಯಾನಿನವರು ಬೇಗ ಹೊರಡಿಸಲು ನೋಡುತ್ತಾರೆ, ಮೊದಲೇ ಮಾತಾಡಿಕೊಳ್ಳಿ. ಇಲ್ಲವಾದರೆ ಕಾಂಚನಬುರಿಯಿಂದ ನಾಮ್ ಟೋಕ್ ಸ್ಟೇಷನ್‌ವರೆಗೆ ಅದೇ ಹಳೆ ಹಳಿಯ ರೈಲಲ್ಲಿ ಹೋಗಿ ಅಲ್ಲಿಂದ ಗಾಡಿ ಹಿಡಿಯಿರಿ, ವಾಪಸ್ ರೈಲಿನ ಟೈಮ್ ಮಾತ್ರ ಸ್ಟೇಷನ್ನಲ್ಲೇ ಕೇಳಿಟ್ಟುಕೊಳ್ಳಿ.