ಹಲಗೆ ನೋಡಿ, ಆಮೇಲೆ ಕೂತುಕೊಳ್ಳಿ

ಆರು ವರ್ಷದಿಂದ ಈ ಹೋಟೆಲಿಗೆ ಹೋಗುತ್ತಿದ್ದೇನೆ, ತಿಂಗಳಿಗೆ ಎರಡು ಸಲವಾದರೂ. ಒಂದೇ ಮನೆಯವರು ನಡೆಸುವ ಜಾಗ. ಅಮ್ಮ ಗಲ್ಲಾದಲ್ಲಿ, ಮಗ ಒಲೆ ಮುಂದೆ, ಬಡಿಸುವುದು ಸೊಸೆ. ಇರುವುದೇ ಒಂಬತ್ತು ಮೇಜು. ಕಿಟಕಿ ಪಕ್ಕದ್ದಕ್ಕೆ ಒಂದು ಕಾಲು ಗಿಡ್ಡ. ರಟ್ಟು ಮಡಚಿ ಕೊಟ್ಟಿದ್ದಾರೆ. ನಾನು ನೋಡಿದಾಗಿನಿಂದ ಅದೇ ರಟ್ಟು.

ಮೆನು ಕಾರ್ಡ್ ಇಲ್ಲ. ಗೋಡೆ ಮೇಲೊಂದು ಕಪ್ಪು ಹಲಗೆ, ಸೀಮೆಸುಣ್ಣದಲ್ಲಿ ಬರೆದ ಆರೇಳು ಸಾಲು. ಬೆಳಗ್ಗೆ ಸುತ್ತಲಿನ ತೋಟಗಳಿಂದ ಏನು ಬಂತೋ ಅದರದ್ದೇ ಅಡುಗೆ. ಖಾಲಿಯಾದದ್ದನ್ನು ಸೊಸೆ ಅಂಗೈಯಲ್ಲೇ ಒರೆಸಿ ಹೋಗುತ್ತಾರೆ. ನಾನು ಬಾಯಿ ತೆರೆಯುವಷ್ಟರಲ್ಲಿ ಒರೆಸಿದ್ದೂ ಉಂಟು.

ಮೊದಮೊದಲು ಇದೆಲ್ಲ ಸುಮ್ನೆ ಷೋಕಿ ಅನಿಸಿತ್ತು. 'ಇಲ್ಲೇ ಬೆಳೆದ ತರಕಾರಿ' ಅಂತ ಬರೆದುಕೊಳ್ಳುವುದಕ್ಕೆ ಖರ್ಚೇನು, ಅಲ್ವಾ? ನಂಬಿಕೆ ಬಂದದ್ದು ಒಂದು ತಟ್ಟೆ ಟೊಮೆಟೊದಿಂದ. ದಪ್ಪಗೆ ಹೆಚ್ಚಿ, ಉಪ್ಪು ಉದುರಿಸಿ ತಂದಿಟ್ಟರು, ಅಷ್ಟೇ. ಎರಡು ನಿಮಿಷಕ್ಕೆ ತಟ್ಟೆ ತುಂಬ ರಸ. ಮೂಗಿಗೆ ಗಿಡದ ವಾಸನೆ. ಟೊಮೆಟೊ ಫ್ರಿಜ್‌ಗೆ ಇಡುವುದೇ ಇಲ್ಲವಂತೆ. ಸುಮಾರು 12 ಡಿಗ್ರಿಗಿಂತ ತಣ್ಣಗಿಟ್ಟರೆ ಅದರ ಘಮ ಸಾಯುತ್ತದೆ. ಸ್ವೀಟ್ ಕಾರ್ನ್ ಕಥೆಯೂ ಹಾಗೇ. ಕಿತ್ತ ಗಳಿಗೆಯಿಂದ ಅದರ ಸಕ್ಕರೆ ಪಿಷ್ಟವಾಗುತ್ತಾ ಹೋಗುತ್ತದೆ. ಅದಕ್ಕೇ ಇಲ್ಲಿ ಅದು ಮಧ್ಯಾಹ್ನಕ್ಕೆ ಮಾತ್ರ, ರಾತ್ರಿಗೆ ಕೇಳಿದರೂ ಕೊಡುವುದಿಲ್ಲ. ಚಳಿಗಾಲದ ಕ್ಯಾರೆಟ್ ಸೂಪ್‌ಗೆ ಸಕ್ಕರೆ ಹಾಕಿದ್ದಾರೆ ಅಂತ ನಾನು ವಾದ ಮಾಡಿದ್ದೆ. ಹಾಕಿರಲಿಲ್ಲ. ಚಳಿಗೆ ಕ್ಯಾರೆಟ್ಟೇ ಸಿಹಿಯಾಗುತ್ತದೆ.

ಕಷ್ಟಗಳೂ ಇವೆ. ಒಂದು ವರ್ಷ ಕುಂಬಳಕಾಯಿ ಜಾಸ್ತಿ ಬಂದು ಮೂರು ವಾರ ಅದೇ ಸೂಪ್, ಅದೇ ಹುರಿದದ್ದು, ಕೊನೆಗೆ ಸಿಹಿಯೂ ಅದರದ್ದೇ. ಮೂರನೇ ವಾರ ನಾನು ಬಾಗಿಲಿನಿಂದಲೇ ಹಲಗೆ ನೋಡಿ ವಾಪಸ್ ಬಂದೆ. ಭಾನುವಾರ ಮುಕ್ಕಾಲು ಗಂಟೆ ಕಾಯಬೇಕು. ಮಗ ರಜೆ ಹಾಕಿದ ದಿನ ಉಪ್ಪು ಎಲ್ಲೆಲ್ಲಿಗೋ ಹೋಗಿರುತ್ತದೆ. ಬಿಲ್ ಕೈಬರಹದ್ದು, ಒಮ್ಮೆ ಪಕ್ಕದ ಮೇಜಿನ ಸೂಪ್ ನನ್ನ ಲೆಕ್ಕಕ್ಕೆ ಬಂದಿತ್ತು. ತೋರಿಸಿದರೆ ಅಮ್ಮ ನಕ್ಕು, ಬೈದದ್ದು ಮಾತ್ರ ಒಳಗಿದ್ದ ಮಗನಿಗೆ.

ಹತ್ತು ಜನ ಕರೆದುಕೊಂಡು ಹೋಗುವ ಜಾಗ ಇದಲ್ಲ. ಇಂಥದ್ದೇ ಬೇಕು ಅನ್ನುವವರಿಗೂ ಅಲ್ಲ. ಇಬ್ಬರೋ ಮೂವರೋ ಹೋಗಿ, ವಾರದ ನಡುವೆ, ಮಧ್ಯಾಹ್ನ ಸ್ವಲ್ಪ ಬೇಗ. ಮಳೆ ಹಿಡಿದ ವಾರ ಸೊಪ್ಪು ಸಿಗುವುದಿಲ್ಲ, ಫೋನ್ ಮಾಡಿ ಕೇಳಿ. ಅಮ್ಮ ಹಲಗೆಯನ್ನು ಪೂರ್ತಿ ಓದಿ ಹೇಳುತ್ತಾರೆ, ಕನ್ನಡಕ ಸಿಕ್ಕಿದ ಮೇಲೆ.