ವ್ಯವಹಾರ ಇಂಗ್ಲಿಷ್: ತರಗತಿಯೋ, ಆನ್‌ಲೈನೋ, ಮಿಶ್ರ ಕ್ರಮವೋ?

ಉಡುಪಿಯ ವೃತ್ತಿಶಿಕ್ಷಣ ಕಾಲೇಜೊಂದಕ್ಕೆ ವ್ಯವಹಾರ ಇಂಗ್ಲಿಷ್ ಕಲಿಸುವ ಕ್ರಮ ಆರಿಸುವಾಗ ಮೊದಲು ನೋಡಬೇಕಾದದ್ದು ಮಾತಿನ ಅಭ್ಯಾಸ. ಗ್ರಾಹಕರ ದೂರಿಗೆ ಉತ್ತರಿಸುವುದು, ದರ ಮಾತಾಡುವುದು, ಸಂದರ್ಶನ ಎದುರಿಸುವುದು ಇವೆಲ್ಲ ಎದುರುಬದುರು ಕುಳಿತು, ತಪ್ಪಿದ ಕ್ಷಣದಲ್ಲೇ ತಿದ್ದಿಸಿಕೊಂಡು ಕಲಿಯುವಂಥವು; ಕನ್ನಡ ಮಾಧ್ಯಮದಿಂದ ಬಂದು ಬಾಯಿ ತೆರೆಯಲು ಅಳುಕುವವರಿಗಂತೂ ತರಗತಿಗೆ ಸಾಟಿಯಿಲ್ಲ. ಇಮೇಲ್ ಮತ್ತು ವರದಿ ಬರವಣಿಗೆಗೆ ಆನ್‌ಲೈನ್ ಪಾಠವೇ ಅನುಕೂಲ, ಏಕೆಂದರೆ ಮಾದರಿಗಳನ್ನು ಮತ್ತೆ ಮತ್ತೆ ನೋಡಬಹುದು.

ಖರ್ಚೂ ಕಡಿಮೆ: ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ‘ಸ್ವಯಂ’ (SWAYAM) ವೇದಿಕೆಯಲ್ಲಿ ಕಲಿಕೆ ಉಚಿತ, ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2021ರ ನಿಯಮದಂತೆ ಸೆಮಿಸ್ಟರಿನ ಶೇ. 40ರವರೆಗಿನ ಕೋರ್ಸುಗಳನ್ನು ಅಲ್ಲಿಂದ ಪಡೆಯಬಹುದು. ಆದರೆ ಮಳೆಗಾಲದಲ್ಲಿ ಹೆಬ್ರಿಯ ಕಡೆ ವಿದ್ಯುತ್ ಹೋದರೆ ನೇರಪ್ರಸಾರದ ಪಾಠ ತಪ್ಪುತ್ತದೆ. ಮೊದಲೇ ಇಳಿಸಿಕೊಳ್ಳಬಹುದಾದ ವಿಡಿಯೊಗಳೇ ಕ್ಷೇಮ.

ಮಿಶ್ರ ಕ್ರಮ ಎರಡರ ಗುಣವನ್ನೂ ಕೊಡುತ್ತದೆ, ಅಧ್ಯಾಪಕರ ದುಡಿಮೆಯನ್ನೂ ಹೆಚ್ಚಿಸುತ್ತದೆ. ತಯಾರಿಗೆ ಸಮಯ ಕೊಡದ ಕಾಲೇಜು ಅದಕ್ಕೆ ಕೈಹಾಕದಿರುವುದೇ ಒಳ್ಳೆಯದು. ಮೊದಲ ವರ್ಷದವರಿಗೆ ತರಗತಿ, ಇಂಟರ್ನ್‌ಶಿಪ್‌ನಲ್ಲಿರುವವರಿಗೆ ಆನ್‌ಲೈನ್, ನಡುವಿನವರಿಗೆ ಮಿಶ್ರ ಕ್ರಮ ಹೊಂದುತ್ತದೆ.