ರಾಯಚೂರು ಯುದ್ಧ ಓದೋಕೆ: ಗುಟೆನ್‌ಬರ್ಗಾ, ಆರ್ಕೈವಾ?

ನಮ್ಮ ರಾಯಚೂರಲ್ಲಿ ಕೋಟೆ ನೋಡದವರಿಲ್ಲ, ಆದ್ರೆ 1520ರಲ್ಲಿ ಕೃಷ್ಣದೇವರಾಯ ಅದನ್ನು ಹೇಗೆ ಗೆದ್ದ ಅಂತ ಓದಿದವರು ಕಡಿಮೆ. ಬಿಟ್ಟಿಯಾಗಿ ಓದೋಕೆ ಪ್ರಾಜೆಕ್ಟ್ ಗುಟೆನ್‌ಬರ್ಗ್, ಇಂಟರ್ನೆಟ್ ಆರ್ಕೈವ್ ಅಂತ ಎರಡು ಜಾಲತಾಣ ಇವೆ. ರಾಬರ್ಟ್ ಸಿವೆಲ್ 1900ರಲ್ಲಿ ಪ್ರಕಟಿಸಿದ ವಿಜಯನಗರದ ಇತಿಹಾಸ ಎರಡರಲ್ಲೂ ಸಿಗುತ್ತದೆ. ಪೋರ್ಚುಗೀಸ್ ವ್ಯಾಪಾರಿ ನುನಿಜ್ ಬರೆದ ವಿವರ ಅದರಲ್ಲೇ ಇಂಗ್ಲಿಷ್‌ನಲ್ಲಿದೆ.

ಮೊಬೈಲ್‌ನಲ್ಲಿ ಓದೋರಿಗೆ ಗುಟೆನ್‌ಬರ್ಗೇ ಸರಿ. ಬರೀ ಅಕ್ಷರ, ಹಗುರ ಫೈಲ್, ಹುಡುಕೋದೂ ಸಲೀಸು. ನುನಿಜ್ ಊರನ್ನು 'ರಾಚೋಲ್' ಅಂತ ಬರೆದಿದ್ದಾನೆ, ಹಾಗೇ ಹುಡುಕಿ. ಕೋಟೆ ಗೋಡೆ ಕೀಳುವ ರಾಯನ ಸೈನಿಕರಿಗೆ ಕಲ್ಲಿನ ಗಾತ್ರ ನೋಡಿ ಹತ್ತು, ಇಪ್ಪತ್ತು, ಐವತ್ತು ಪಣದವರೆಗೂ ದುಡ್ಡು ಕೊಡ್ತಿದ್ರಂತೆ, ಆಮೇಲೆ ರಾಯನಿಗೆ ನೆರವಾದ ಫಿಗೆರೆದು ಎಂಬ ಪೋರ್ಚುಗೀಸನ ಕಡೆಯವರು ಕೋವಿಯಿಂದ ಗುರಿಯಿಟ್ಟು ಗೋಡೆ ಮೇಲಿನವರನ್ನು ಹೊಡೆದು ಕೆಡವಿದ್ದೂ ಅಲ್ಲೇ ಇದೆ. ಎಂಥ ವಿವರ ಅಲ್ವಾ! ಆದ್ರೆ ರಾಯನ ಸೈನ್ಯದ ಬಗ್ಗೆ ನುನಿಜ್ ಹೇಳುವ ಏಳು ಲಕ್ಷ ಕಾಲಾಳಿನ ಲೆಕ್ಕವನ್ನು ಸುಮ್ನೆ ನಂಬಬೇಡಿ.

ಆರ್ಕೈವ್‌ನಲ್ಲಿ ಮೂಲ ಪುಟಗಳ ಸ್ಕ್ಯಾನ್ ಸಿಗುತ್ತದೆ. ಫೈಲ್ ಭಾರ, ಸ್ಕ್ಯಾನ್‌ನಿಂದ ತೆಗೆದ ಅಕ್ಷರದಲ್ಲಿ ತಪ್ಪು ಜಾಸ್ತಿ. ಆದ್ರೆ ಶಾಸನಗಳ ಹಳೆಯ ಸಂಪುಟ, ಎಪಿಗ್ರಾಫಿಯಾ ಕರ್ನಾಟಿಕಾ ಬೇಕಿದ್ದರೆ ಅಲ್ಲಿಗೇ ಹೋಗಬೇಕು.

ಮೊದಲು ಗುಟೆನ್‌ಬರ್ಗ್‌ನಲ್ಲಿ ನುನಿಜ್‌ನನ್ನು ಓದಿ ಮುಗಿಸಿ, ಶಾಸನದ ರುಚಿ ಹತ್ತಿದರೆ ಆರ್ಕೈವ್ ತೆರೆಯಿರಿ.